ಮಾಳಿಗೆಯಿಂದ ಇಳಿದ ಮಣ್ಣು

ನಮ್ಮೂರು ಹುಣಸಿದಿನ್ನಿಯ ಚರಿತ್ರೆಯನ್ನು ಕೆಡಿಸಿದವಳು ನಾನೇ. ಅದಕ್ಕೆ ದಂಡು ಬೇಕಾಗಲಿಲ್ಲ, ಆನೆ ಕುದುರೆ ಬೇಕಾಗಲಿಲ್ಲ. ಎಂಟನೇ ತರಗತಿಯ ಒಂದು ನೋಟುಬುಕ್ಕು, ಒಂದು ನೀಲಿ ಪೆನ್ನು, ನನ್ನ ದುಂಡನೆಯ ಅಕ್ಷರದ ಬಗ್ಗೆ ನನಗಿದ್ದ ಸೊಕ್ಕು, ಇಷ್ಟೇ ಸಾಕಾಯಿತು. ಈಗ ರಾಯಚೂರಿನ ಒಂದು ಹೈಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗೆ ಅದು. ಪ್ರತಿ ವರ್ಷ ಮಕ್ಕಳಿಗೆ 'ನಿಮ್ಮೂರಿನ ಚರಿತ್ರೆ ಬರೆದುಕೊಂಡು ಬನ್ನಿ' ಎಂದು ಹೇಳುವ ದಿನ ಬಂದರೆ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತದೆ. ಒಬ್ಬ ಹುಡುಗ ಕೇಳಿಯೇ ಬಿಟ್ಟ, "ಮೇಡಂ, ಹೊಟ್ಟಿ ನೋವೇನ್ರೀ?" ಅಂತ. ನೋವಲ್ಲಪ್ಪ, ಸಿಟ್ಟು. ಇಷ್ಟು ವರ್ಷವಾದರೂ ಅರಗದ ಸಿಟ್ಟು.

ದೇವದುರ್ಗದಿಂದ ಮಾನ್ವಿಯ ಕಡೆ ಹೋಗುವ ಬಸ್ಸು ನಮ್ಮೂರಿನ ಹೊರಗೆ ನಿಲ್ಲುತ್ತಿತ್ತು. ನಮ್ಮ ಮನೆ ಬಸ್ಸಿಗೆ ಹತ್ತಿರ, ಊರಿಗೆ ದೂರ. ಅಂದರೆ ನಮ್ಮ ಓಣಿ ಅಗಸಿಯ ಹೊರಗಿತ್ತು. ಅಗಸಿ ಎಂದರೆ ಊರಿನ ಹಳೆಯ ಕಲ್ಲಿನ ಹೆಬ್ಬಾಗಿಲು. ಕದ ಯಾವಾಗಲೋ ಗೆದ್ದಲಿನ ಪಾಲಾಗಿ ಬರೀ ಕಮಾನು ನಿಂತಿತ್ತು. ಕದ ಇಲ್ಲದಿದ್ದರೂ ಯಾರು ಒಳಗಿನವರು, ಯಾರು ಹೊರಗಿನವರು ಎಂಬುದು ಊರಿನ ನಾಯಿಗಳಿಗೂ ಗೊತ್ತಿತ್ತು. ನಮ್ಮ ಮನೆಗೆ ಒಂದೇ ಖೋಲಿ. ಒಂದು ಮೂಲೆಯಲ್ಲಿ ಒಲೆ, ಇನ್ನೊಂದು ಮೂಲೆಯಲ್ಲಿ ಜೋಳದ ಚೀಲ, ಮೂರನೆಯದರಲ್ಲಿ ಆಯಿಯ ಕೌದಿ. ನಾಲ್ಕನೆಯ ಮೂಲೆ ನನ್ನದು, ಅಂದರೆ ಸೋರುವ ಮೂಲೆ. ಆಯಿ ಅಂದರೆ ನನ್ನ ಅಪ್ಪನ ತಾಯಿ, ಹುಲಿಗೆಮ್ಮ. ಅವ್ವ ಹೊಲಗೆಲಸಕ್ಕೆ ಹೋಗುತ್ತಿದ್ದಳು. ಅಪ್ಪ ಮಾನ್ವಿಯ ರೈಸ್ ಮಿಲ್ಲಿನಲ್ಲಿ ಹಮಾಲಿ, ವಾರಕ್ಕೊಮ್ಮೆ ಮೈತುಂಬ ತೌಡು ಹೊತ್ತುಕೊಂಡು ಬರುತ್ತಿದ್ದ. ಮಿಲ್ಲು ನಮ್ಮೂರಿನ ಸಾವಕಾರರದು. ಅವರ ಮನೆ ಅಗಸಿಯ ಒಳಗೆ, ಊರಿನ ನಟ್ಟನಡುವೆ.

ನಮ್ಮ ಕಡೆಯ ಹಳೆಯ ಮನೆಗಳೆಲ್ಲ ಮಣ್ಣಿನ ಮಾಳಿಗೆಯವು. ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆ ಸೊಪ್ಪು, ಅದರ ಮೇಲೆ ಮಣ್ಣು. ಎಲ್ಲಕ್ಕಿಂತ ಮೇಲೆ ಕರಲು, ಅಂದರೆ ಉಪ್ಪಿನ ಗುಣದ ಬಿಳಿಚು ಮಣ್ಣು. ನೀರನ್ನು ಒಳಗೆ ಬಿಡದಿರುವುದು ಈ ಕರಲು ಮಾತ್ರ. ಪ್ರತಿ ವರ್ಷ ಮಳೆಗೆ ಮುಂಚೆ ಹೊಸ ಕರಲು ಹಾಕದಿದ್ದರೆ ಎಂಥ ಸಾವಕಾರನ ಮನೆಯೂ ಜರಡಿ. ಆ ಕರಲು ಹಾಕುವುದು ನಮ್ಮ ಓಣಿಯ ಹೆಂಗಸರ ಕೆಲಸ. ಅವರಿಗೆಲ್ಲ ಆಯಿ ಮುಂದಾಳು. ಹಳ್ಳದ ದಂಡೆಯಲ್ಲಿ ಕೂತು ಒಂದು ಚಿಟಿಕೆ ಮಣ್ಣು ನಾಲಿಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದಳು. ನಾಲಿಗೆ ಚುರ್ ಅಂದರೆ ಅಲ್ಲಿ ಅಗೆಯಬೇಕು, ಇಲ್ಲದಿದ್ದರೆ ಉಗುಳಿ ಮುಂದಕ್ಕೆ. ಅವಳನ್ನು ನೋಡಿ ನಾನೂ ಒಮ್ಮೆ ಪರಿಣತೆಯ ಹಾಗೆ ಕಣ್ಣು ಮುಚ್ಚಿ ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡೆ. ಅದು ಮಣ್ಣಾಗಿರಲಿಲ್ಲ, ಒಣಗಿದ ಎಮ್ಮೆಯ ಸೆಗಣಿ. ಓಣಿಯವರು ನನ್ನನ್ನು ಒಂದು ತಿಂಗಳು 'ಸೆಗಣಿ ಸುಜಾತಾ' ಎಂದು ಕರೆದರು.

ಹೆಂಗಸರು ಬಿದಿರಿನ ಪುಟ್ಟಿಯಲ್ಲಿ ಕರಲು ತುಂಬಿ, ತಲೆಯ ಮೇಲೆ ಬಟ್ಟೆಯ ಸಿಂಬಿ ಇಟ್ಟು, ಮನೆಯ ಹಿತ್ತಲಿನಿಂದ ಏಣಿ ಹಚ್ಚಿ ಮಾಳಿಗೆ ಏರುತ್ತಿದ್ದರು. ಸಾವಕಾರರ ಮನೆಯಲ್ಲಿ ಒಳಗಿನಿಂದಲೇ ಕಲ್ಲಿನ ಮೆಟ್ಟಿಲಿತ್ತು. ಆದರೆ ನಮಗೆ ಏಣಿಯೇ. ಆಯಿ ಇದನ್ನು ನಗುತ್ತ ಹೇಳುತ್ತಿದ್ದಳು:

"ಊರಾಗ ಎಲ್ಲಾರ ತಲಿ ಮ್ಯಾಲ ಅಡ್ಡಾಡೀನಿ. ಒಬ್ಬರ ಹೊಸ್ತಿಲಾ ದಾಟಿಲ್ಲ."

ಆಗ ನಾನೂ ನಗುತ್ತಿದ್ದೆ. ಅದು ನಗುವ ಮಾತಲ್ಲ ಎಂದು ಗೊತ್ತಾಗುವ ಹೊತ್ತಿಗೆ ನನ್ನ ಕೈಯಿಂದ ಆಗಬಾರದ್ದು ಆಗಿಹೋಗಿತ್ತು. ಊರಿಗೆಲ್ಲ ಕರಲು ಹಾಕಿ ನಮ್ಮ ಮನೆಗೆ ಬರುವಷ್ಟರಲ್ಲಿ ಮಳೆಯೇ ಬಂದುಬಿಡುತ್ತಿತ್ತು. ನನ್ನ ಮೂಲೆಯಲ್ಲಿ ಬೋಗುಣಿ, ತಂಬಿಗೆ, ತಾಟು ಎಲ್ಲ ಸಾಲಾಗಿ ಇಟ್ಟು ಹನಿ ಹಿಡಿಯುತ್ತಿದ್ದೆವು. ಒಂದೊಂದು ಪಾತ್ರೆ ಒಂದೊಂದು ದನಿಯಲ್ಲಿ ಟಣ್ ಅನ್ನುತ್ತಿತ್ತು. ನನ್ನ ಗಣಿತದ ಪುಸ್ತಕ ನೆನೆದು ರೊಟ್ಟಿಯ ಹಾಗೆ ಉಬ್ಬಿತು. ನಾನು ಗಣಿತದಲ್ಲಿ ಫೇಲಾದದ್ದಕ್ಕೆ ಮಾಳಿಗೆಯೇ ಕಾರಣ ಎಂದು ಮನೆಯಲ್ಲಿ ನಂಬಿಸಿದ್ದೆ. ಪುಸ್ತಕ ನೆನೆದದ್ದು ಪರೀಕ್ಷೆಯಾದ ಮೇಲೆ.

ಆ ವರ್ಷ ಶಾಲೆ ಶುರುವಾಗಿ ಎರಡು ವಾರವಾಗಿದ್ದರೂ ಮಳೆಯಿರಲಿಲ್ಲ. ಹೆಡ್ ಮಾಸ್ತರರು ನನ್ನನ್ನು ಕರೆದರು. ಮುಂದಿನ ವಾರ ಯಾರೋ ದೊಡ್ಡ ಅಧಿಕಾರಿಗಳು ಶಾಲೆ ನೋಡಲು ಬರುವವರಿದ್ದರು. ಗೇಟಿನ ಪಕ್ಕದ ಗೋಡೆಯ ಮೇಲೆ ಊರಿನ ಚರಿತ್ರೆ ಬರೆಸಬೇಕಂತೆ, ಪೇಂಟಿನ ಖರ್ಚು ಸಾವಕಾರರದಂತೆ.

"ನಿನ್ನ ಅಕ್ಷರ ಮುತ್ತಿನಂಗ ಅದಾವು. ಸುಳ್ಳು ಹೇಳೂದ್ರಾಗೂ ಜಾಣಿ ಇದ್ದಿ. ಊರಾಗಿನ ಹಿರೇರನ್ನ ಕೇಳಿ ಎರಡು ಪುಟ ಬರದುಕೊಂಡು ಬಾ. ಗ್ವಾಡಿ ಮ್ಯಾಲ ಕೆಳಗ ನಿನ್ನ ಹೆಸರೂ ಹಾಕಸ್ತೀನಿ," ಅಂದರು.

ನನ್ನ ಹೆಸರು! ಗೋಡೆಯ ಮೇಲೆ! ಮನೆಗೆ ಓಡುವಾಗ ಒಂದು ಚಪ್ಪಲಿ ಬಿದ್ದದ್ದೂ ತಿಳಿಯಲಿಲ್ಲ. ಆಯಿಗೆ ಹೇಳಿದೆ. ಆಯಿ ಎರಡು ಸಂಜೆ ರೊಟ್ಟಿ ಪುಂಡಿಪಲ್ಯ ತಿನ್ನುತ್ತ ಊರಿನ ಕಥೆ ಹೇಳಿದಳು. ಅವಳಿಗೆ ಊರು ಗೊತ್ತಿದ್ದದ್ದು ಮೇಲಿನಿಂದ, ಬೆಳಕಿಂಡಿಯ ಮೂಲಕ. ಬೆಳಕಿಂಡಿ ಅಂದರೆ ಬೆಳಕಿಗಾಗಿ ಮಾಳಿಗೆಯಲ್ಲಿ ಬಿಟ್ಟ ಕಿಂಡಿ. ಯಾರ ಮನೆಯ ತೊಲೆ ಯಾವ ವರ್ಷ ಮುರಿಯಿತು, ಯಾವ ಅಣ್ಣತಮ್ಮಂದಿರು ಜಗಳವಾಡಿ ಮಾಳಿಗೆಯ ನಡುವೆ ಗೋಡೆ ಎತ್ತಿದರು, ಯಾರು ಅತ್ತೆಗೆ ಕಾಣದಂತೆ ಸುಟ್ಟ ರೊಟ್ಟಿಯನ್ನು ಎಮ್ಮೆಗೆ ಹಾಕಿದರು, ಎಲ್ಲ. ದೊಡ್ಡ ಮಳೆಯ ವರ್ಷ ಅರ್ಧ ಊರು ಬಿದ್ದಾಗ ಓಣಿಯ ಹೆಂಗಸರೇ ಎರಡು ತಿಂಗಳು ಮಣ್ಣು ಹೊತ್ತು ಊರನ್ನು ಮತ್ತೆ ನಿಲ್ಲಿಸಿದ್ದು, ಯಲ್ಲವ್ವ ಅನ್ನುವಾಕೆ ಏಣಿ ಜಾರಿ ಬಿದ್ದು ಮತ್ತೆ ಏಳದೇ ಹೋದದ್ದು. ನಾನು ಪೆನ್ನಿನ ಟೊಪ್ಪಿಗೆಯನ್ನೂ ತೆಗೆಯಲಿಲ್ಲ.

"ಬರಕೊಳ್ಳಾಕತ್ತಿಲ್ಲಲ್ಲಬೇ?" ಅಂದಳು ಆಯಿ.

"ಎಲ್ಲಾ ತಲ್ಯಾಗ ಇಟಗೊಂಡೀನಿ ಆಯಿ," ಅಂದೆ.

ತಲೆಯಲ್ಲಿದ್ದದ್ದು ಒಂದೇ. ಮಣ್ಣು ಹೊತ್ತದ್ದೂ ಒಂದು ಚರಿತ್ರೆಯೇ? ನಾನು ಓದಿದ ಪುಸ್ತಕದಲ್ಲಿ ಯಾವ ರಾಣಿಯೂ ಪುಟ್ಟಿ ಹೊತ್ತಿರಲಿಲ್ಲ.

ಮರುದಿನ ಸಾವಕಾರರ ಮನೆಗೆ ಹೋದೆ. ಹೊರಗಿನ ಕಟ್ಟೆಯ ಮೇಲೆ ಕೂಡಿಸಿದರು. ಚಹಾ ಬಂತು. ಅವರು ಸ್ಟೀಲಿನ ಲೋಟದಲ್ಲಿ ಕುಡಿದರು, ನನಗೆ ಹೂವಿನ ಚಿತ್ರವಿದ್ದ ಕಾಗದದ ಕಪ್ಪು. ಅಂಥ ಕಪ್ಪನ್ನು ನಾನು ಮದುವೆಗಳಲ್ಲಿ ಮಾತ್ರ ನೋಡಿದ್ದೆ. ನನ್ನೊಬ್ಬಳಿಗಾಗಿ ಮದುವೆಯ ಕಪ್ಪು ತೆಗೆದಿದ್ದಾರಲ್ಲ ಎಂದು ಉಬ್ಬಿಹೋದೆ. ಕುಡಿದು, ತೊಳೆದು, ಮನೆಗೆ ತಂದು ಪೆನ್ನಿಡಲು ಇಟ್ಟುಕೊಂಡೆ. ಓಣಿಯ ಹುಡುಗಿಯರಿಗೆಲ್ಲ ತೋರಿಸಿದೆ. ಆಯಿ ಅದನ್ನು ನೋಡಿ ಒಲೆಯ ಕಡೆ ತಿರುಗಿದಳು. ನನಗಿಂತ ದೊಡ್ಡ ಕತ್ತೆ ಇಡೀ ದೇವದುರ್ಗ ತಾಲ್ಲೂಕಿನಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಅವಮಾನವನ್ನು ಬಹುಮಾನ ಅಂದುಕೊಂಡು ಕಿಟಕಿಯಲ್ಲಿಟ್ಟು ಪೂಜೆ ಮಾಡುವ ಕತ್ತೆ.

ಚಹಾದ ಋಣ ದೊಡ್ಡದು. ಎರಡು ಪುಟ ತುಂಬ ಸಾವಕಾರರೇ. ಅವರ ಮುತ್ಯಾ, ಅಂದರೆ ಅಜ್ಜ, ಊರು ಕಟ್ಟಿದರು, ಅವರಪ್ಪ ಬಾವಿ ತೋಡಿಸಿದರು, ಇವರು ಗುಡಿ ಕಟ್ಟಿಸಿದರು. ಬಾವಿ ತೋಡಿಸಿದವರ ಹೆಸರಿತ್ತು, ತೋಡಿದವರ ಹೆಸರಿರಲಿಲ್ಲ. ಒಬ್ಬ ರಾಜ ನಮ್ಮೂರ ಹುಣಸೆ ಮರಕ್ಕೆ ಕುದುರೆ ಕಟ್ಟಿ ನೀರು ಕುಡಿದನಂತೆ. ಯಾವ ರಾಜ ಎಂದು ಸಾವಕಾರರಿಗೂ ಗೊತ್ತಿರಲಿಲ್ಲ. ಕುದುರೆ ಬಿಳಿಯದು ಎಂದು ನಾನೇ ಸೇರಿಸಿದೆ. ಕೊನೆಗೆ 'ಊರಿನಲ್ಲಿ ಎಲ್ಲರೂ ಒಂದೇ ಮನೆಯವರಂತೆ ಬಾಳುತ್ತಾರೆ' ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದೆ.

ಶನಿವಾರ ಬೆಳಗಿನ ಶಾಲೆ. ಊರಿನವರನ್ನೆಲ್ಲ ಕರೆಸಿ, ನನ್ನನ್ನು ಮೇಜಿನ ಮೇಲೆ ನಿಲ್ಲಿಸಿ ಓದಿಸಿದರು. ಆಯಿ ಮತ್ತು ಅವ್ವ ಒಗೆದ ಸೀರೆ ಉಟ್ಟು, ಒಂದು ಹೊತ್ತಿನ ಕೆಲಸ ಬಿಟ್ಟು, ಓಣಿಯ ಹೆಂಗಸರ ಜೊತೆ ಬೇವಿನ ಮರದ ಕೆಳಗೆ ಕೂತಿದ್ದರು. ನಾನು ರಾಜನ ಕುದುರೆಯನ್ನು ಕೆನೆಸಿದೆ, ಸಾವಕಾರರ ಮುತ್ಯಾನನ್ನು ಮೆರೆಸಿದೆ. ಓದಿ ಮುಗಿಸಿ ಕೈಮುಗಿದೆ. ಚಪ್ಪಾಳೆ ಬೀಳುವ ಮೊದಲೇ ಆಯಿಯ ದನಿ ಬಂತು.

"ನಮ್ಮ ಓಣಿ ಯಾವಾಗ ಬರ್ತದಬೇ ಸುಜ್ಜಿ?"

ಅವಳು ಸುಮ್ಮನೆ ಕೇಳಿದ್ದಳು, ಇನ್ನೊಂದು ಪುಟ ಇರಬಹುದು ಅಂದುಕೊಂಡು. ಸಿಕ್ಕಿಬಿದ್ದಾಗ ನಗಿಸಿ ಪಾರಾಗುವುದು ನನ್ನ ಹಳೆಯ ಚಟ.

"ಆಯಿ, ಚರಿತ್ರಿ ಅಂದ್ರ ಅಗಸಿ ಒಳಗಿಂದು. ಹೊರಗಿಂದು ಬಸ್ ಸ್ಟ್ಯಾಂಡು!" ಅಂದೆ.

ಇಡೀ ಮೈದಾನ ನಕ್ಕಿತು. ಸಾವಕಾರರು ಹೊಟ್ಟೆ ಹಿಡಿದು ನಕ್ಕರು, ಹೆಡ್ ಮಾಸ್ತರರು ಕಣ್ಣೊರೆಸಿಕೊಂಡರು. ನನ್ನ ಜೀವನದಲ್ಲಿ ನಾನು ಹೇಳಿದ ಯಾವ ಮಾತಿಗೂ ಅಷ್ಟು ಚಪ್ಪಾಳೆ ಬಿದ್ದಿಲ್ಲ. ಬೇವಿನ ಮರದ ಕೆಳಗೆ ಮಾತ್ರ ಯಾರೂ ನಗಲಿಲ್ಲ. ಆಯಿ ಎದ್ದು ಸೀರೆಯ ಧೂಳು ಝಾಡಿಸಿದಳು.

ಮನೆಯಲ್ಲಿ ಅವಳು ಮೊದಲು ಮಾಡಿದ್ದು ಕಿಟಕಿಯಲ್ಲಿದ್ದ ಕಾಗದದ ಕಪ್ಪನ್ನು ಒಲೆಗೆ ಹಾಕಿದ್ದು.

"ಈ ಕಪ್ಪಿನ್ಯಾಗ ಯಾಕ ಕೊಟ್ಟಾರ ಗೊತ್ತದನು ನಿನಗ? ನೀ ಕುಡದದ್ದು ಅವರು ತೊಳೀಬಾರದಂತ! ಬಿಸಾಕಬೇಕಂತ! ನೀ ತೊಳದು ಮನಿಗೆ ತಂದಿ!"

"ಸಣ್ಣದದರೀ ಅತ್ತಿ, ಇರಲಿ ಬಿಡ್ರಿ," ಅಂದಳು ಅವ್ವ, ರೊಟ್ಟಿ ಬಡಿಯುತ್ತಲೇ.

"ಸಣ್ಣದು? ಇಡೀ ಊರಿನ ಮುಂದ ನಮ್ಮನ್ನ ಬಸ್ ಸ್ಟ್ಯಾಂಡ್ ಮಾಡಿದ್ಲಲ್ಲ! ಮಂದಿ ಬಿಟ್ಟಿದ್ರ ಬಿಡ್ಲಿ, ಅವರದು ಹಳೇ ರೋಗ. ಇಕೀ ನನ್ನ ಕೈ ಅನ್ನ ಉಂಡು, ನನ್ನ ಬಾಯಿಲೇ ಕೇಳಿ, ತನ್ನ ಕೈಲೇ ಬಿಟ್ಟಾಳ. ಸುಜ್ಜಿ, ಗ್ವಾಡಿ ಮ್ಯಾಲ ಏರೂದ್ರಾಗ ನಮ್ಮ ಹೆಸರು ಅದರಾಗ ಬರಬೇಕು. ಇಲ್ಲಂದ್ರ ನನ್ನನ್ನ ಆಯಿ ಅನಬ್ಯಾಡ."

ಪೇಂಟರು ಬುಧವಾರ ಬರುವವನಿದ್ದ. ಸೋಮವಾರ ಹೆಡ್ ಮಾಸ್ತರರ ಮುಂದೆ ನಿಂತು, ನಮ್ಮ ಓಣಿಯ ಬಗ್ಗೆ ಅರ್ಧ ಪುಟ ಸೇರಿಸುತ್ತೇನೆ ಎಂದೆ.

"ಗ್ವಾಡ್ಯಾಗ ಜಾಗ ಎಲ್ಲದಬೇ? ಸಾವಕಾರ್ರು ಓದಿ ಒಪ್ಪ್ಯಾರ," ಅಂದರು.

"ಕುದುರಿ ತಗೀರಿ ಸರ್. ಆ ಜಾಗದಾಗ ನಾವು ಹಿಡಸ್ತೀವಿ."

"ಕುದುರಿ ತಗದ್ರ ಚರಿತ್ರಿ ಏನು ಉಳೀತದ? ಮತ್ತ ಬಿಟ್ಟಾಕಿ ನೀನು, ನನ್ನ ಮ್ಯಾಲ ಯಾಕ ಹಾಕ್ತಿ? ನಾ ಏನರ ಒಂದು ಸಾಲು ಹೊಡದೀನೇನು?"

ಅವರು ಸುಳ್ಳು ಹೇಳಲಿಲ್ಲ. ನನಗೆ ಉರಿಯುವುದು ಅದೇ. ಯಾರಾದರೂ ಹೊಡೆದುಹಾಕಿದ್ದರೆ ಅವರನ್ನು ಬೈದು ಬದುಕಬಹುದಿತ್ತು. ಯಾರೂ ಹೇಳಬೇಕಾಗಿರಲಿಲ್ಲ. ಬೆತ್ತವಿಲ್ಲ, ಬೆದರಿಕೆಯಿಲ್ಲ. ಎಂಟನೇ ತರಗತಿಗೆ ಬರುವಷ್ಟರಲ್ಲಿ ಯಾರನ್ನು ಬರೆಯಬೇಕು, ಯಾರನ್ನು ಬಿಡಬೇಕು ಎಂಬುದನ್ನು ಒಬ್ಬ ಹುಡುಗಿಗೆ ಇಷ್ಟು ಚೆಂದ ಕಲಿಸಿದ ಊರಿಗೆ, ಅದರ ಪುಸ್ತಕಗಳಿಗೆ, ಅದರ ನಗುವಿಗೆ ಬೆಂಕಿ ಬೀಳಲಿ. ಗಣಿತ ಮಾತ್ರ ಕಲಿಸಲಾಗಲಿಲ್ಲ ಅವರಿಗೆ.

ಮಂಗಳವಾರ ಸಾವಕಾರರ ಮನೆಯ ಮಾಳಿಗೆಗೆ ಕರಲು ಹಾಕುವ ಸರದಿ. ಪಡುವಣದಲ್ಲಿ ಮೋಡ ಕಟ್ಟಿತ್ತು. ನಾನೂ ಶಾಲೆ ತಪ್ಪಿಸಿ ಹೋದೆ. ಮುಖ ತೋರಿಸುವ ಧೈರ್ಯವಿರದಿದ್ದರೂ ಪುಟ್ಟಿ ಹೊರುವ ತಲೆಯಿತ್ತಲ್ಲ. ಮಧ್ಯಾಹ್ನದ ಹೊತ್ತಿಗೆ ಮಾಳಿಗೆಯ ಮೇಲೆ ಕರಲಿನ ದೊಡ್ಡ ಗುಡ್ಡೆಯಾಯಿತು, ಹರಡುವುದಷ್ಟೇ ಬಾಕಿ. ಆಗ ಆಯಿ ಸಲಿಕೆ ಕೆಳಗಿಟ್ಟು, ಬೆಳಕಿಂಡಿಯ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು ಬಗ್ಗಿದಳು.

"ಸಾವಕಾರ್ರ, ಊಟ ಮಾಡಾಕತ್ತೀರೇನ್ರೀ?"

ಕೆಳಗೆ ತಾಟಿನ ಸದ್ದು ನಿಂತಿತು.

"ಯಾರು, ಹುಲಿಗೆವ್ವನಾ? ಅಲ್ಲಿ ಬಗ್ಗಬ್ಯಾಡಬೇ, ಅನ್ನದಾಗ ಮಣ್ಣು ಬೀಳ್ತದ."

"ಬೀಳಬಾರದಂತನ ನನ್ನ ವಯಸ್ಸೆಲ್ಲ ಹೊತ್ತೀನ್ರಿ. ಒಂದು ಮಾತು ಕೇಳಬೇಕು. ಶಾಲಿ ಗ್ವಾಡಿ ಮ್ಯಾಲ ನಮ್ಮ ಹೆಸರು ಬರಸ್ತೀರೋ ಇಲ್ಲೋ?"

"ಅದಕ್ಯಾಕ ಇಷ್ಟು? 'ಸೇವೆ ಮಾಡುವ ಜನರೂ ಇದ್ದಾರೆ' ಅಂತ ಒಂದು ಸಾಲು ಹಾಕಸ್ತೀನಿ, ಹೋಗು."

"ಜನ ಅಂದ್ರ ಯಾರ್ರೀ? ನಿಮ್ಮ ಮುತ್ಯಾಗ ಹೆಸರದ, ನಿಮ್ಮಪ್ಪಗ ಹೆಸರದ, ಕುದುರಿಗೆ ಬಣ್ಣ ಸೈತ ಅದ. ನಮಗ ಹೆಸರಿಲ್ಲೇನು?"

"ನಿನ್ನ ಮೊಮ್ಮಗಳನ ಬರದಾಳಲ್ಲಬೇ! ನಾ ಬ್ಯಾಡ ಅಂದಿದ್ನೇನು?"

ಆಯಿ ಒಮ್ಮೆ ನನ್ನ ಕಡೆ ನೋಡಿದಳು. ಮಾಳಿಗೆ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

"ಅಕೀ ತಪ್ಪು ಅಕೀದು. ಅಕೀನ್ನ ನಾ ಮನ್ಯಾಗ ನೋಡಕೋತೀನಿ. ನಿಮ್ಮದು ಹೇಳ್ರಿ."

"ಮಣ್ಣು ಹೊತ್ತವರ ಹೆಸರು ಗ್ವಾಡಿ ಮ್ಯಾಲ ಬರದ್ರ ಬಂದ ಸಾಹೇಬರು ನಗತಾರ, ಹುಚ್ಚಿ."

"ನಗಲಿ. ನೀವು ತೊಯ್ಸಿಕೊಂಡು ನಗ್ರಿ."

ಆಯಿ ಎದ್ದು ನಿಂತು ಹೆಂಗಸರ ಕಡೆ ತಿರುಗಿ ಒಂದೇ ಮಾತು ಹೇಳಿದಳು: "ಇಳಸ್ರಿ." ಯಾರೂ ಅಲ್ಲಾಡಲಿಲ್ಲ. ಮಣ್ಣು ಮಾಳಿಗೆ ಏರುವುದನ್ನು ಎಲ್ಲರೂ ನೋಡಿದ್ದರು, ಇಳಿಯುವುದನ್ನು ಯಾರೂ ನೋಡಿರಲಿಲ್ಲ. ಆಗ ಅವ್ವ ಸುಮ್ಮನೆ ಬಗ್ಗಿ ಪುಟ್ಟಿ ತುಂಬಿಕೊಂಡಳು. ಸಾವಕಾರರ ಮಿಲ್ಲಿನಲ್ಲಿ ಗಂಡ ಮೂಟೆ ಹೊರುತ್ತಿರುವಾಗ, ಯಾರ ಮುಂದೆಯೂ ದನಿ ಎತ್ತದ ಅವ್ವ ತುಂಬಿದ ಪುಟ್ಟಿ ಹೊತ್ತು ಏಣಿಯ ಮೇಲೆ ಹಿಂದುಮುಂದಾಗಿ ಕಾಲಿಟ್ಟಳು. ಅವಳ ಹಿಂದೆ ಒಬ್ಬೊಬ್ಬರೇ ಇಳಿದರು. ನನ್ನ ಪುಟ್ಟಿ ಅರ್ಧ ಏಣಿಯಲ್ಲೇ ಜಾರಿ, ಕೆಳಗೆ ಬಂದು ಕೂಗಾಡುತ್ತಿದ್ದ ಸಾವಕಾರರ ಬಿಳಿ ಅಂಗಿಯ ಮೇಲೆ ಸುರಿಯಿತು. ಬೇಕಂತಲೇ ಸುರಿದೆ ಎಂದು ಓಣಿಯಲ್ಲಿ ಇಂದಿಗೂ ಹೇಳುತ್ತಾರೆ. ಇಲ್ಲ, ಕೈ ಜಾರಿದ್ದು. ನನ್ನ ಬದುಕಿನ ಒಂದೇ ಒಂದು ಶೌರ್ಯವೂ ಕೈತಪ್ಪಿನಿಂದ ಆದದ್ದು.

ಆ ಕರಲನ್ನು ನಮ್ಮ ಓಣಿಯ ಮಾಳಿಗೆಗಳಿಗೆ ಹಾಕಿದೆವು. ಸಂಜೆ ಮಳೆ ಬಂತು. ನನ್ನ ಮೂಲೆ ಮೊದಲ ಸಲ ಒಣಗಿತ್ತು. ಆಯಿ ಒಣ ನೆಲದ ಮೇಲೆ ಅಂಗೈ ಸವರಿ ನೋಡಿದಳು. ಅಪ್ಪ ಮರುದಿನವೇ ಬಂದ, ವಾರದ ನಡುವೆ. ಮಿಲ್ಲಿನಲ್ಲಿ 'ನಾಳೆಯಿಂದ ಬರಬೇಡ' ಅಂದಿದ್ದರು. ತಾಯಿಯನ್ನು ಬೈಯುತ್ತಾನೆ ಅಂದುಕೊಂಡಿದ್ದೆ. ಅವನು ತಲೆಯ ಮೇಲಿನ ತೌಡು ಝಾಡಿಸುತ್ತ ಕೇಳಿದ್ದು ಇಷ್ಟೇ:

"ಯವ್ವಾ, ಅಂಗಿ ಪೂರಾ ಕೆಟ್ಟಿತ್ತೇನು?"

ಅಪ್ಪನಿಗೆ ರಾಯಚೂರಿನ ಗಂಜಿನಲ್ಲಿ, ಅಂದರೆ ಸಗಟು ಮಾರುಕಟ್ಟೆಯಲ್ಲಿ, ಹತ್ತಿಯ ಮೂಟೆ ಹೊರುವ ಕೆಲಸ ಸಿಕ್ಕಿತು. ಆ ವರ್ಷದೊಳಗೆ ನಾವೂ ರಾಯಚೂರಿಗೆ ಬಂದೆವು. ನಾನು ಓದಿದ್ದು, ಕೆಲಸ ಹಿಡಿದದ್ದು ಎಲ್ಲ ಆ ಏಣಿ ಇಳಿದದ್ದರಿಂದ. ಆದರೆ ಗೋಡೆಗೆ ಏನೂ ಆಗಲಿಲ್ಲ. ಬುಧವಾರ ಪೇಂಟರು ಬಂದು ನಾನು ಬರೆದದ್ದನ್ನೆಲ್ಲ ಒಂದಕ್ಷರ ಬಿಡದೆ ಗೋಡೆಗೇರಿಸಿದ. ಸಾವಕಾರರು ಹಾಕಿಸುತ್ತೇನೆ ಎಂದಿದ್ದ ಆ ಒಂದು ಸಾಲನ್ನೂ ಸೇರಿಸಲಿಲ್ಲ. ಹೋದ ತಿಂಗಳು ಯಾರದೋ ಮದುವೆಗೆ ಊರಿಗೆ ಹೋದಾಗ ನೋಡಿದೆ. ಬಣ್ಣ ಮಾಸಿದೆ, ಓದಲು ಬರುತ್ತದೆ. ರಾಜ ಇದ್ದಾನೆ, ಕುದುರೆ ಇದೆ. ಎಲ್ಲರೂ ಒಂದೇ ಮನೆಯವರಂತೆ ಬಾಳುತ್ತಿದ್ದಾರೆ. ಕೆಳಗೆ 'ಬರೆದವರು: ಕುಮಾರಿ ಸುಜಾತಾ'. ಅಗಸಿಯ ಹೊರಗಿನ ಒಂದೇ ಒಂದು ಹೆಸರು ಆ ಗೋಡೆಯ ಮೇಲಿದೆ, ಅದೂ ನನ್ನದು. ಕಲ್ಲು ತಗೊಂಡು ಕೆರೆಯಲು ಹೋದೆ. ಮೂರು ಹೆಣ್ಣುಮಕ್ಕಳು ಬಂದು, "ಅಕ್ಕಾ, ಗ್ವಾಡಿ ಕೆಡಸಬ್ಯಾಡ್ರಿ, ನಾಳೆ ನಮಗ ಇದರ ಮ್ಯಾಲ ಟೆಸ್ಟ್ ಅದ," ಅಂದರು. ನನ್ನ ಸುಳ್ಳನ್ನು ಬಾಯಿಪಾಠ ಮಾಡುತ್ತಿದ್ದರು ಪಾಪ, ಕುದುರೆಯ ಬಣ್ಣದ ಸಮೇತ.

ಮದುವೆ ಮುಗಿಸಿ ರಾಯಚೂರಿಗೆ ವಾಪಸು ಬಂದು ಆ ವಾರವೇ ಎರಡು ಪುಟ ಬರೆದೆ. ಈ ಸಲ ಕುದುರೆಯಿಲ್ಲ. ಹುಣಸಿದಿನ್ನಿಯ ಮಾಳಿಗೆಗಳನ್ನು ಕಾದವರು ಯಾರು, ಯಾರು ಯಾವ ಮನೆಗೆ ಹೊತ್ತರು, ಯಲ್ಲವ್ವ ಯಾರ ಏಣಿಯಿಂದ ಬಿದ್ದಳು, ಕರಲನ್ನು ಇಳಿಸಿದ ದಿನ ಯಾರು ಯಾರಿದ್ದರು. ಭಾನುವಾರ ಬೆಳಿಗ್ಗೆ ಆಯಿಗೆ ಓದಿದೆ. ಅವಳಿಗೆ ಈಗ ಕಣ್ಣು ಮಬ್ಬು. ಬಾಗಿಲಲ್ಲಿ ಕೂತು ಬೆರಳಿನಿಂದಲೇ ಪುಂಡಿ ಸೊಪ್ಪು ಬಿಡಿಸುತ್ತ ಕೇಳಿದಳು. ಒಳಗೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಹುಲಿಗೆಮ್ಮ, ಯಲ್ಲವ್ವ, ದುರಗಮ್ಮ, ತಾಯಮ್ಮ, ನರಸಮ್ಮ, ಹನುಮವ್ವ. ಓದಿ ಮುಗಿಸಿದೆ.

"ಮುಗೀತೇನು?" ಅಂದಳು.

"ಮುಗೀತು ಆಯಿ."

"ಥೂ ನಿನ್ನ! ಮೇಡಂ ಅಂತ ಮೇಡಂ. ಮೊದಲ ಪುಟ್ಟಿ ಇಳಿಸಿದಾಕಿ ಎಲ್ಲಿ?"

ಒಳಗೆ ರೊಟ್ಟಿಯ ಸದ್ದು ನಿಂತಿತು. ನನ್ನ ಕೈಯಲ್ಲಿದ್ದ ಹಾಳೆಯನ್ನು ಮೇಲಿನಿಂದ ಕೆಳಗೆ ನೋಡಿದೆ. ಅವ್ವನ ಕೈಯ ರೊಟ್ಟಿ ತಿಂದು, ಅವಳ ಹಿಂದೆಯೇ ಕೂತು, ಒಂದು ವಾರ ಬರೆದಿದ್ದೆ. ಎಲ್ಲಿಯೂ ಇರಲಿಲ್ಲ.

"ಇರಲಿ ಬಿಡ್ರಿ ಅತ್ತಿ, ಗದ್ದಲದಾಗ ಮರತಾಳ," ಅಂದಳು ಅವ್ವ, ತಿರುಗಿ ನೋಡದೆ.

"ನೀ ಹಿಂಗ 'ಇರಲಿ ಬಿಡ್ರಿ' ಅಂದು ಅಂದನ ಇಕೀ ಹಿಂಗಾಗ್ಯಾಳ. ಏ ಸುಜ್ಜಿ, ಬರಿ!"

ಹಾಳೆಯನ್ನು ಹರಿದು ಹಾಕಿದೆ. ಹೊಸದೊಂದನ್ನು ತೊಡೆಯ ಮೇಲಿಟ್ಟುಕೊಂಡು 'ಮಾರೆಮ್ಮ' ಎಂದು ಅವ್ವನ ಹೆಸರಿನಿಂದ ಶುರುಮಾಡಿದೆ.